ಹೈದರಾಲಿಯ ಬೆನ್ನುಫಣಿ

ಬೆನ್ನ ಮೇಲೆ ಸಣ್ಣ ಕುರು ಎದ್ದರೂ ನಮ್ಮಜ್ಜಿ ಗದರುತ್ತಿದ್ದರು. "ಕೆರೆದುಕೋಬೇಡ, ಬೆನ್ನುಫಣಿ ಆದರೆ ಜೀವಕ್ಕೇ ಬರುತ್ತೆ" ಅನ್ನೋರು. ನಾವು ನಗುತ್ತಿದ್ದೆವು. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಹೈದರಾಲಿಯ ಸಮಾಧಿ ಮುಂದೆ ನಿಂತಾಗ ಅಜ್ಜಿಯ ಮಾತು ನೆನಪಾಯಿತು. ಇಂಗ್ಲಿಷರ ಫಿರಂಗಿಗೆ ಜಗ್ಗದವನನ್ನು ಮಲಗಿಸಿದ್ದು ಬೆನ್ನ ಮೇಲಿನ ಒಂದು ಹುಣ್ಣು.

1782ರ ಕೊನೆ. ಇಂಗ್ಲಿಷರ ಜೊತೆ ಎರಡನೇ ಯುದ್ಧ ನಡೆದಿತ್ತು. ಹೈದರನಿಗೆ ಅರವತ್ತರ ಆಸುಪಾಸು. ಹುಣ್ಣು ಕೀವು ತುಂಬಿ ಹರಡಿತು. ಹಿಂದೂ ವೈದ್ಯರು ನೋಡಿದರು, ಹಕೀಮರು ನೋಡಿದರು, ಫ್ರೆಂಚ್ ಡಾಕ್ಟರುಗಳೂ ನೋಡಿದರು. ಯಾರ ಔಷಧಿಯೂ ಹತ್ತಲಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ ಬಿಡಿ. ರೋಗಾಣು ಅನ್ನೋ ಮಾತೇ ಆಗ ಹುಟ್ಟಿರಲಿಲ್ಲ, ಪೆನಿಸಿಲಿನ್ ಕಂಡುಹಿಡಿದಿದ್ದು 1928ರಲ್ಲಿ. ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರ್ ತೀರಿಕೊಂಡ.

ಮಗ ಟಿಪ್ಪು ಆಗ ಎಲ್ಲಿದ್ದ? ಮಲಬಾರಿನ ಪೊನ್ನಾನಿಯಲ್ಲಿ, ಕರ್ನಲ್ ಹಂಬರ್‌ಸ್ಟನ್‌ನ ಸೈನ್ಯಕ್ಕೆ ಎದುರಾಗಿ. ಇಲ್ಲಿ ಪಾಳೆಯದಲ್ಲಿ ದೊಡ್ಡ ದಂಡು, ಖಜಾನೆ, ಅಧಿಕಾರದ ಆಸೆಯ ನೆಂಟರು. ಅಷ್ಟಕ್ಕೂ ಹೈದರನ ಅಧಿಕಾರ ವಂಶದಿಂದ ಬಂದದ್ದಲ್ಲ. ಸಿಂಹಾಸನ ಒಡೆಯರದ್ದು, ಆಳ್ವಿಕೆ ಇವನದ್ದು. ಎಲ್ಲವೂ ಆ ಒಬ್ಬ ಮನುಷ್ಯನ ಮೇಲೆ ನಿಂತಿತ್ತು. ಅವನೇ ಹೋದ ಅಂತ ಗೊತ್ತಾದರೆ ಸಿಪಾಯಿಗಳು ಬೆಳಗಾಗುವಷ್ಟರಲ್ಲಿ ಊರು ಸೇರುತ್ತಿದ್ದರು.

ಇಲ್ಲಿಂದ ಕಥೆ ಲೆಕ್ಕಪತ್ರದವರ ಕೈಗೆ ಬಂತು. ಪೂರ್ಣಯ್ಯ, ಕೃಷ್ಣರಾವ್. ಸಾವಿನ ಸುದ್ದಿ ಹೊರಗೆ ಹೋಗದಂತೆ ನೋಡಿಕೊಂಡು, ಟಿಪ್ಪುವಿಗೆ ಗುಟ್ಟಾಗಿ ಓಲೆ ಕಳಿಸಿದರು. ಶವವನ್ನು ಸುಗಂಧ ದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಏನೋ ಬೆಲೆಬಾಳುವ ಸಾಮಾನು ಅನ್ನೋ ಹಾಗೆ, ಕಾವಲಿನಲ್ಲಿ ಕೋಲಾರಕ್ಕೆ ಸಾಗಿಸಿದರು. ಹೈದರನ ಅಪ್ಪ ಫತೇ ಮಹಮ್ಮದನ ಸಮಾಧಿ ಇರೋದು ಅಲ್ಲೇ. ಶ್ರೀರಂಗಪಟ್ಟಣಕ್ಕೆ ತಂದದ್ದು ಆಮೇಲೆ. ಪಾಳೆಯದಲ್ಲಿ ಮಾತ್ರ ದಿನದ ಕೆಲಸ ಎಂದಿನಂತೆ ನಡೆಯಿತು. ಯಾರಾದರೂ ಕೇಳಿದರೆ ನವಾಬರಿಗೆ ನಿಶ್ಶಕ್ತಿ, ಅಷ್ಟೇ.

ಆದರೂ ಕೆಲವರಿಗೆ ವಾಸನೆ ಹತ್ತಿತು. ಹೈದರನ ದಾಯಾದಿ ಮಹಮ್ಮದ್ ಅಮೀನ್ ಒಂದು ಸಂಚು ಹೂಡಿದ. ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ಕೂರಿಸಿ ತಾನು ಆಳುವ ಲೆಕ್ಕ. ಅದು ಬಯಲಾಯಿತು, ಸಂಚುಗಾರರು ಸೆರೆಯಾದರು.

ಈ ಕಥೆ ಹೇಳುವವರು ಎಲ್ಲರೂ "ಎಂಥ ಗುಟ್ಟು!" ಅಂತ ಕಣ್ಣರಳಿಸುತ್ತಾರೆ. ನನಗೆ ಅಲ್ಲೇ ತಕರಾರು. ಗುಟ್ಟು ಉಳಿಯಲೇ ಇಲ್ವಲ್ಲ! ಸುದ್ದಿ ಮದ್ರಾಸಿಗೆ ಬೇಗನೆ ಮುಟ್ಟಿತ್ತು. ಗವರ್ನರ್ ಲಾರ್ಡ್ ಮೆಕಾರ್ಟ್ನಿ ಈಗಲೇ ಹೊರಡಿ ಅಂತ ಸೇನಾಪತಿ ಜನರಲ್ ಸ್ಟುವರ್ಟ್‌ನ ಬೆನ್ನು ಹತ್ತಿದ. ಹೈದರ್ ಸತ್ತಿದ್ದಾನೆ ಅಂತ ನನಗೆ ನಂಬಿಕೆಯಿಲ್ಲ, ಸತ್ತಿದ್ದರೂ ಸರಿಯಾದ ಹೊತ್ತಿಗೆ ಹೊರಡುತ್ತೇನೆ ಅನ್ನೋ ಧಾಟಿ ಸ್ಟುವರ್ಟ್‌ನದು. ಸ್ಟುವರ್ಟ್‌ಗಿಂತ ಮುಂಚೆ ಸೇನಾಪತಿಯಾಗಿದ್ದ ಹಳೇ ಹುಲಿ ಐರ್ ಕೂಟ್ ಇದ್ದಿದ್ದರೆ ಏನಾಗುತ್ತಿತ್ತೋ. ಅವನೂ ಕಾಯಿಲೆಬಿದ್ದು ಬಂಗಾಳಕ್ಕೆ ಹೋಗಿದ್ದ! ಇಬ್ಬರು ಮುದುಕರ ಆರೋಗ್ಯದ ಮೇಲೆ ಯುದ್ಧ ತೂಗಾಡುತ್ತಿತ್ತು ನೋಡಿ. ಈ ಸ್ಟುವರ್ಟ್-ಮೆಕಾರ್ಟ್ನಿ ಜಗಳ ಎಲ್ಲಿಗೆ ಹೋಯಿತೆಂದರೆ, 1786ರಲ್ಲಿ ಲಂಡನ್ನಿನಲ್ಲಿ ಇಬ್ಬರೂ ಪಿಸ್ತೂಲು ಹಿಡಿದು ಎದುರುಬದುರು ನಿಂತರು. ಗುಂಡು ತಗುಲಿದ್ದು ಮೆಕಾರ್ಟ್ನಿಗೆ.

ಅಂದರೆ ಎದುರಾಳಿ ಕೂತಲ್ಲೇ ಕೂತ, ಪೂರ್ಣಯ್ಯನವರು ಕೂರಲಿಲ್ಲ. ಡಿಸೆಂಬರ್ ಮುಗಿಯುವ ಹೊತ್ತಿಗೆ ಟಿಪ್ಪು ಪಾಳೆಯದ ಹತ್ತಿರ ಬಂದಾಗ ಸೈನ್ಯ ಚದುರಿರಲಿಲ್ಲ, ಖಜಾನೆ ಭದ್ರವಾಗಿತ್ತು. ಸುದ್ದಿ ಮುಚ್ಚಿಟ್ಟದ್ದಕ್ಕಿಂತ ಇದು ಜಾಸ್ತಿ ದೊಡ್ಡದು ಅನ್ನೋದು ನನ್ನ ಅಭಿಪ್ರಾಯ.

ಹಾಗಂತ ಎಲ್ಲವೂ ಉಳಿಯಲಿಲ್ಲ. ಹೈದರ್ ಮಗನಂತೆ ಸಾಕಿದ್ದ ಅಯಾಜ್ ಬಿದನೂರಿನಲ್ಲಿ ಅಧಿಕಾರಿ. ಅವನಿಗೂ ಟಿಪ್ಪುವಿಗೂ ಎಣ್ಣೆ-ಸೀಗೇಕಾಯಿ. ಯಜಮಾನ ಹೋದ ಮೇಲೆ ತನಗೆ ಉಳಿಗಾಲವಿಲ್ಲ ಅಂತ 1783ರ ಜನವರಿಯಲ್ಲಿ ಕೋಟೆಯನ್ನು ಇಂಗ್ಲಿಷರ ಜನರಲ್ ಮ್ಯಾಥ್ಯೂಸ್‌ಗೆ ಒಪ್ಪಿಸಿಬಿಟ್ಟ. ಈಗಿನ ಹೊಸನಗರ ತಾಲ್ಲೂಕಿನ ನಗರವೇ ಅದು. ಟಿಪ್ಪು ಆರ್ಕಾಟಿನ ಯುದ್ಧ ಬಿಟ್ಟು ಮಲೆನಾಡಿಗೆ ಓಡಬೇಕಾಯಿತು. ಬಿದನೂರು ವಾಪಸ್ ಬಂತು, ಆಮೇಲೆ ಮಂಗಳೂರಿನ ಮುತ್ತಿಗೆ, 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದ. ಚಿತ್ತೂರಿನ ಹತ್ತಿರ ಎದ್ದ ಹುಣ್ಣು ಯುದ್ಧವನ್ನೇ ಕರಾವಳಿಗೆ ಎಳೆದು ತಂದಿತ್ತು.

ಅವತ್ತು ಗುಟ್ಟು ಕಾಯ್ದ ಇಬ್ಬರ ಗತಿ? ಕೃಷ್ಣರಾವ್ ಮೇಲೆ 1791ರಲ್ಲಿ ದ್ರೋಹದ ಆರೋಪ ಬಂತು, ಟಿಪ್ಪುವಿನ ಆಳ್ವಿಕೆಯಲ್ಲೇ ಅವರನ್ನು ಕೊಲ್ಲಿಸಲಾಯಿತು. ಪೂರ್ಣಯ್ಯನವರು ಟಿಪ್ಪುವಿನ ಕಾಲವನ್ನೂ ದಾಟಿ, 1799ರಲ್ಲಿ ಪುಟ್ಟ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದರು. ಅದೇ ಲೆಕ್ಕಪತ್ರ, ಯಜಮಾನ ಮಾತ್ರ ಬೇರೆ.