ಬೋಳುತಲೆಗೆ ಟೋಪಿ

ಈಜುಕೊಳದ ಬಾಗಿಲಲ್ಲಿ ಕೂತಿದ್ದಾತ ಮೊದಲು ನನ್ನ ತಲೆ ನೋಡಿದ, ಆಮೇಲೆ ಗೋಡೆಯ ಬೋರ್ಡು ತೋರಿಸಿದ: ಟೋಪಿ ಕಡ್ಡಾಯ. ಕೂದಲು ನೀರಿಗೆ ಉದುರಬಾರದು ಅಂತ ತಾನೇ? ನನ್ನದು ಉದುರಿ ಮುಗಿದು ಹತ್ತು ವರ್ಷವಾಯಿತಪ್ಪ ಎಂದೆ. ‘ರೂಲ್ಸ್ ಸರ್’ ಎಂದ. ದುಡ್ಡು ತೆತ್ತು, ಬಲೂನಿಗೆ ಕುಂಬಳಕಾಯಿ ತುರುಕಿದ ಹಾಗೆ ಹಾಕಿಕೊಂಡೆ.

ಇಲ್ಲಿಗೆ ನನ್ನನ್ನು ಅಟ್ಟಿದ್ದು ಸೈಕಲ್ ಗೆಳೆಯರು. ಭಾನುವಾರ ಭಾನುವಾರ ನಂದಿ ಬೆಟ್ಟ ಹತ್ತಿ ನನ್ನ ಸೊಂಟ ಮುನಿಸಿಕೊಂಡಿತ್ತು. ‘ಈಜು ಗುರು, ಬಗ್ಗಿದ ಬೆನ್ನು ನೆಟ್ಟಗಾಗುತ್ತೆ, ಮಂಡಿಗೂ ಭಾರವಿಲ್ಲ’ ಎಂದರು. ಭಾರವಿಲ್ಲ, ಒಪ್ಪಿದೆ. ಸೈಕಲ್ ಮೇಲೂ ಮೈಭಾರ ಹೊರುವುದು ಸೀಟೇ. ಮೂಳೆ ಗಟ್ಟಿಯಾಗಲು ಒಂದಿಷ್ಟು ಭಾರ ಬೀಳಬೇಕು, ಇವೆರಡರಲ್ಲೂ ಅದಿಲ್ಲ. ಸೊನ್ನೆಗೆ ಸೊನ್ನೆ ಕೂಡಿಸಲು ಬೆಳಗಿನ ಐದಕ್ಕೆ ಏಳಬೇಕೇ?

ಹಾಗಂತ ಈಜು ನನಗೆ ಹೊಸದಲ್ಲ. ಎಂಟನೇ ವಯಸ್ಸಿನಲ್ಲಿ ಸೋದರಮಾವ ನನ್ನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ತೋಟದ ಬಾವಿಗೆ ತಳ್ಳಿದ್ದ. ಅದು ಅಜ್ಜಿ ಬಿತ್ತನೆ ಕಾಳು ತುಂಬಿಡುತ್ತಿದ್ದ ಬುರುಡೆ. ಕಾಳನ್ನು ಮೊರಕ್ಕೆ ಸುರಿದು, ಹೇಳದೆ ಕೇಳದೆ ತಂದಿದ್ದ. ನಾಲ್ಕನೇ ದಿನ ಹಗ್ಗ ಸಡಿಲವಾಗಿ ಬುರುಡೆ ಒಂದು ಕಡೆ, ನಾನು ಒಂದು ಕಡೆ. ಅದೇ ಹೊತ್ತಿಗೆ ಅಜ್ಜಿ ಬಾವಿಕಟ್ಟೆಗೆ ಬಂದಳು. ‘ಅಯ್ಯೋ ನನ್ನ ಬುರುಡೆ! ಹಿಡಿಯೋ, ಒಡೆದೋದಾತು!’ ಮಾವ ಧುಮುಕಿ ಬುರುಡೆಯನ್ನು ಎದೆಗವಚಿಕೊಂಡ. ನನ್ನನ್ನು ಯಾರೂ ಕೇಳಲಿಲ್ಲ. ನಾಯಿಯ ಹಾಗೆ ಕೈಕಾಲು ಬಡಿದು ನಾನೇ ಮೆಟ್ಟಿಲು ಹಿಡಿದೆ. ಮೇಲೆ ಬಂದ ಮೇಲೆ ಏಟು ಬಿದ್ದದ್ದೂ ನನಗೇ. ಆ ಅನ್ಯಾಯ ಇವತ್ತಿಗೂ ನುಂಗಲಾಗಿಲ್ಲ. ಮಾವನಿಗೆ ಅವತ್ತು ಕೋಳಿಸಾರು ಬೇರೆ!

ಆ ನಾಯಿ ಈಜು ಇಲ್ಲಿ ನಡೆಯುವುದಿಲ್ಲವಂತೆ. ಕೋಚ್ ಹುಡುಗಿ ಕೈಗೊಂದು ಹಲಗೆ ಕೊಟ್ಟು ‘ಅಂಕಲ್, ಕಾಲು ಮಾತ್ರ ಬಡೀರಿ’ ಎಂದಳು. ಬಡಿದೆ. ಗೋಡೆ ಹತ್ತಿರವಾಗಲಿಲ್ಲ, ಒಂದೆರಡು ಅಡಿ ದೂರವೇ ಆಯಿತು. ವರ್ಷಗಟ್ಟಲೆ ಪೆಡಲ್ ತುಳಿದ ಕಾಲಿನ ಹರಡು ಬಿಗಿದುಕೊಂಡಿದೆ, ಪಾದ ಹಿಂದಕ್ಕೆ ಚಾಚುವುದೇ ಇಲ್ಲ. ಕೊಕ್ಕೆಯ ಹಾಗೆ ನೀರನ್ನು ಮುಂದಕ್ಕೆ ತಳ್ಳುತ್ತದೆ. ಸೈಕಲ್‌ನವರೆಲ್ಲ ಹೀಗೇ ಎಂದು ನಕ್ಕಳು. ತೊಡೆಯ ಸ್ನಾಯು ದಪ್ಪವಿದ್ದಷ್ಟೂ ಕಾಲು ಬೇಗ ಮುಳುಗುತ್ತದೆ ಎಂದೂ ಸೇರಿಸಿದಳು. ಬೆಟ್ಟದಲ್ಲಿ ಏದುಸಿರು ನನ್ನ ಸ್ವಂತದ್ದು, ಬೇಕಾದಾಗ ಬಿಡಬಹುದು. ಇಲ್ಲಿ ಮುಖ ನೀರೊಳಗೆ, ಉಸಿರಿಗೂ ಸರದಿ.

ಇದರಿಂದ ಸೈಕಲ್ಲಿಗೆ ಏನು ಲಾಭವಾಯಿತು ಎಂದು ಹೇಳಲು ಕೂತವನು ನಾನು. ಹೇಳುತ್ತೇನೆ, ಮೊದಲು ಕಿವಿಯ ನೀರು ಇಳಿಯಲಿ. ನಿನ್ನೆ ಸುಸ್ತಾಗಿ ಏಣಿ ಹತ್ತುತ್ತಿದ್ದೆ, ಹಿಂದಿನಿಂದ ಸೀಟಿ ಕೇಳಿಸಿತು.

‘ಅಂಕಲ್, ಹಲಗೆ! ಹಲಗೆ ತೇಲಿಹೋಗ್ತಿದೆ!’