ನವೀಕರಣದ ಗಡುವು ಚಾಲಕನಿಗೆ ಮಾತ್ರವೇ?

ನಿನ್ನೆ ಮಧ್ಯಾಹ್ನ ನಮ್ಮೂರಿನ ಕೌನ್ಸಿಲ್ ಕಚೇರಿಯಲ್ಲಿ, ಲೈಸೆನ್ಸಿಂಗ್ ಉಪಸಮಿತಿಯ ಕೊಠಡಿಯ ಹೊರಗೆ, ಹುಬ್ಬಳ್ಳಿ ಕಡೆಯ ಗೆಳೆಯರೊಬ್ಬರ ಪಕ್ಕದಲ್ಲಿ ಕುಳಿತಿದ್ದೆ. ಇಂಗ್ಲೆಂಡಿನ ಈ ಊರಿನಲ್ಲಿ ಅವರು 9 ವರ್ಷಗಳಿಂದ ಟ್ಯಾಕ್ಸಿ ಓಡಿಸುತ್ತಿದ್ದಾರೆ. ಕೊರಳಿಗೆ ಹಾಕಿಕೊಳ್ಳುವ ಟ್ಯಾಕ್ಸಿ ಚಾಲಕನ ಲೈಸೆನ್ಸಿನ ಬ್ಯಾಡ್ಜನ್ನು ಅಂಗೈಯಲ್ಲಿಟ್ಟುಕೊಂಡು, ಅದರ ಮೇಲೆ ಅಚ್ಚಾಗಿದ್ದ ಕೊನೆಯ ದಿನಾಂಕವನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದರು. ಆ ದಿನಾಂಕ ಕಳೆದು 5 ವಾರಗಳಾಗಿದ್ದವು. "ಅಕ್ಕಾ, ಇವತ್ತರ ಮುಗೀತೈತೇನ್ರಿ?" ಎಂದು ಮೂರು ಸಲ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಮುಗಿಯಿತು. ಅಧಿಕಾರಿ ವರದಿ ಓದಿದರು, ಮೂವರು ಕೌನ್ಸಿಲರ್‌ಗಳು ಪ್ರಶ್ನೆ ಕೇಳಿದರು, ನಮ್ಮನ್ನು ಹೊರಗೆ ಕಳುಹಿಸಿ ಮತ್ತೆ ಒಳಗೆ ಕರೆದರು. ಎಲ್ಲ ಸೇರಿ 20 ನಿಮಿಷ. 3 ವರ್ಷಕ್ಕೆ ಲೈಸೆನ್ಸ್ ನವೀಕರಣ. ಸಮಿತಿಯ ಮುಂದಿದ್ದ ವಿಷಯವೆಂದರೆ ವೇಗಮಿತಿ ಮೀರಿದ್ದಕ್ಕೆ ಎರಡು ಸಲ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದು ಡ್ರೈವಿಂಗ್ ಲೈಸೆನ್ಸಿನ ಮೇಲೆ ಬಂದ 6 ದಂಡದ ಅಂಕಗಳು. ಎರಡನ್ನೂ ಅವರೇ ಸಮಯಕ್ಕೆ ಸರಿಯಾಗಿ ತಿಳಿಸಿದ್ದರು. ಅವಧಿ ಮುಗಿಯಲು 8 ವಾರ ಇರುವಾಗಲೇ ವೈದ್ಯಕೀಯ ಪ್ರಮಾಣಪತ್ರ, ಅಪರಾಧ ದಾಖಲೆಯ ತಪಾಸಣೆ, ತೆರಿಗೆಗೆ ನೋಂದಾಯಿಸಿಕೊಂಡಿರುವುದನ್ನು ಖಚಿತಪಡಿಸಲು 2022ರಿಂದ ಕಡ್ಡಾಯವಾಗಿರುವ ತೆರಿಗೆ ಪರಿಶೀಲನೆಯ ಸಂಕೇತ ಎಲ್ಲವನ್ನೂ ಸೇರಿಸಿ ಅರ್ಜಿ ಕೊಟ್ಟಿದ್ದರು. ಆ 20 ನಿಮಿಷ ಅವಧಿ ಮುಗಿಯುವ ಮೊದಲೇ ಏಕೆ ಸಿಗಲಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಅಪ್ಪ ದಾವಣಗೆರೆಯಲ್ಲಿ ಆಟೊ ಓಡಿಸಿಯೇ ನಮ್ಮನ್ನು ಓದಿಸಿದರೆಂಬುದು ನಿಮಗೆಲ್ಲ ಗೊತ್ತಿದೆ. ಗಾಡಿ ಬಾಗಿಲ ಮುಂದೆ ನಿಂತರೆ ಮನೆಯೊಳಗೆ ಏನೇನು ನಿಲ್ಲುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಈ 5 ವಾರ ಗೆಳೆಯರ ಕಾರು ಅವರ ಮನೆಯ ಮುಂದೆಯೇ ನಿಂತಿತ್ತು. ಗಾಜಿನ ಮೇಲೆ ಒದ್ದೆ ಎಲೆಗಳು ಅಂಟಿಕೊಂಡಿದ್ದವು. ವಿಮೆಯ ಕಂತು, ಕಾರಿನ ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಇಲ್ಲಿ ಟ್ಯಾಕ್ಸಿ ಲೈಸೆನ್ಸ್ ಕೊಡುವುದು ನಮ್ಮ ಆರ್‌ಟಿಓದಂತಹ ರಾಜ್ಯದ ಇಲಾಖೆಯಲ್ಲ, ಆಯಾ ಊರಿನ ಕೌನ್ಸಿಲ್. 1976ರ ಕಾಯಿದೆಯ ಪ್ರಕಾರ ಚಾಲಕ 'ಯೋಗ್ಯ ಮತ್ತು ಅರ್ಹ ವ್ಯಕ್ತಿ' ಎಂದು ಕೌನ್ಸಿಲ್‌ಗೆ ಮನವರಿಕೆಯಾಗಬೇಕು. ಇದನ್ನು ಅಳೆಯಲು 2020ರ ಸರ್ಕಾರಿ ಮಾನದಂಡಗಳು ಒಂದು ಪ್ರಶ್ನೆ ಮುಂದಿಡುತ್ತವೆ: ನಿಮಗೆ ಬೇಕಾದವರೊಬ್ಬರನ್ನು ಹಗಲಾಗಲಿ ರಾತ್ರಿಯಾಗಲಿ ಈ ಚಾಲಕನ ಗಾಡಿಯಲ್ಲಿ ಒಬ್ಬರೇ ಕಳುಹಿಸುತ್ತೀರಾ? ಒಳ್ಳೆಯ ಪ್ರಶ್ನೆ. ಮಗಳ ತಾಯಿಯಾಗಿ ನಾನು ಅದನ್ನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಆದರೆ ಅದೇ ಮಾನದಂಡಗಳ ಪ್ರಕಾರ, ಸಂಚಾರ ನಿಯಮ ಮುರಿದು ಶಿಕ್ಷೆಯಾದರೂ ಚಾಲಕ 48 ಗಂಟೆಯೊಳಗೆ ತಿಳಿಸಬೇಕು. ನವೀಕರಣ ನಿರಾಕರಿಸಿದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಲು ಅವನಿಗಿರುವುದು 21 ದಿನ. ಕೌನ್ಸಿಲ್ ಇಷ್ಟು ದಿನಗಳೊಳಗೆ ತೀರ್ಮಾನಿಸಬೇಕೆಂದು ಮಾತ್ರ ಆ ಕಾಯಿದೆ ಎಲ್ಲಿಯೂ ಹೇಳುವುದಿಲ್ಲ. ತಿರಸ್ಕರಿಸಿದ್ದರೆ ಮೇಲ್ಮನವಿಗೆ ದಾರಿ ಇರುತ್ತಿತ್ತು. ತೀರ್ಮಾನವೇ ಇಲ್ಲದೆ ಸುಮ್ಮನೆ ಕಾಯುತ್ತ ಕೂತವನು ಯಾವ ಆದೇಶದ ವಿರುದ್ಧ ಹೋಗಬೇಕು?

ಇಂಗ್ಲೆಂಡಿನದೇ ಊರಾದ ರಾದರಹ್ಯಾಮ್‌ನಲ್ಲಿ ನಡೆದದ್ದನ್ನು ಮರೆತಿರಾ ಎಂದು ಕೆಲವರು ಕೇಳುತ್ತೀರಿ. ಮರೆತಿಲ್ಲ. ಅಲ್ಲಿ 1997ರಿಂದ 2013ರ ನಡುವೆ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾದರೆಂದು 2014ರಲ್ಲಿ ಅಲೆಕ್ಸಿಸ್ ಜೇ ಅವರ ಸ್ವತಂತ್ರ ತನಿಖೆಯ ವರದಿ ಅಂದಾಜಿಸಿತು. ಅದರಲ್ಲಿ ಟ್ಯಾಕ್ಸಿ ಚಾಲಕರ ಪಾತ್ರವೂ, ಮರುವರ್ಷ ಸರ್ಕಾರಕ್ಕಾಗಿ ಲೂಯಿಸ್ ಕೇಸಿ ನಡೆಸಿದ ತಪಾಸಣೆಯ ವರದಿಯಲ್ಲಿ ಅಲ್ಲಿನ ಕೌನ್ಸಿಲ್‌ನ ವೈಫಲ್ಯವೂ ಬಯಲಾದವು. ಬಿಗಿ ನಿಯಮ ಬೇಕೇ ಬೇಕು. ಆದರೆ ವಿಳಂಬದಿಂದ ಯಾವ ಮಗುವಿಗೆ ರಕ್ಷಣೆ ಸಿಕ್ಕಿತು? ಈ ಚಾಲಕನ ಬಗ್ಗೆ ನಿಜವಾದ ಅನುಮಾನವಿದ್ದಿದ್ದರೆ ಲೈಸೆನ್ಸನ್ನು ಆ ಕ್ಷಣವೇ ಜಾರಿಗೆ ಬರುವಂತೆ ರದ್ದುಪಡಿಸುವ ಅಧಿಕಾರ ಕೌನ್ಸಿಲ್‌ಗೆ ಇತ್ತು. ಹಾಗೆ ಮಾಡದೆ, ಅರ್ಜಿ ಮೇಜಿನ ಮೇಲಿದ್ದ 8 ವಾರವೂ ಅವರು ಹಗಲು ರಾತ್ರಿ ಜನರನ್ನು ಕರೆದೊಯ್ಯಲು ಬಿಟ್ಟಿತ್ತು. ಅವಧಿಯ ಕೊನೆಯ ರಾತ್ರಿಯವರೆಗೆ ಯೋಗ್ಯನಾಗಿದ್ದವನು ಮರುದಿನ ಬೆಳಿಗ್ಗೆ ಮನೆಯಲ್ಲಿ ಕೂರಬೇಕಾಯಿತು.

ಒಂದು ಮಾತು ಹೇಳಿಕೊಳ್ಳಲೇಬೇಕು. ಮೊದಲ ವಾರ ಸುದ್ದಿ ಕೇಳಿದಾಗ "ಏನೋ ಇರಬೇಕು" ಎಂದು ನನ್ನ ಮನಸ್ಸಿಗೂ ಬಂದಿತ್ತು. ಅವರ ಹೆಂಡತಿ ಫೋನಿನಲ್ಲಿ ದನಿ ತಗ್ಗಿಸಿ ಮಾತಾಡಿದ್ದು ಇಂತಹ ಅನುಮಾನಕ್ಕೆ ಹೆದರಿಯೇ ಎಂದು ಈಗ ಅರ್ಥವಾಗುತ್ತಿದೆ, ನಾಚಿಕೆಯಾಗುತ್ತಿದೆ.

ಲೀಡ್ಸ್ ಕೌನ್ಸಿಲ್‌ನ ಪ್ರಕರಣವೊಂದರಲ್ಲಿ 2002ರಲ್ಲಿ ಹೈಕೋರ್ಟ್, ಚಾಲಕನ ಸಂಸಾರದ ಕಷ್ಟವನ್ನು ಇಂತಹ ತೀರ್ಮಾನದಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದಿತು. ಪ್ರಯಾಣಿಕರ ಸುರಕ್ಷತೆಯ ದೃಷ್ಟಿಯಿಂದ ಅದೂ ಸರಿಯೇ. ಯೋಗ್ಯತೆ ಅಳೆಯುವಾಗ ಮನೆಯ ಒಲೆಯನ್ನು ನೋಡಬೇಡಿ. ಸಭೆಯ ದಿನಾಂಕ ಗೊತ್ತುಮಾಡುವಾಗಲಾದರೂ ನೋಡಬೇಕಲ್ಲವೇ? ಸಭೆ ತಡವಾಗುವುದೇ ಆದರೆ 3 ವರ್ಷಕ್ಕಿಂತ ಕಡಿಮೆ ಅವಧಿಯ ಲೈಸೆನ್ಸ್ ಕೊಡಲು ಅದೇ 1976ರ ಕಾಯಿದೆಯಲ್ಲಿ ಅವಕಾಶವಿದೆ. ಸಭೆಯವರೆಗೆ ಎರಡು ತಿಂಗಳ ಒಂದು ಲೈಸೆನ್ಸ್ ಕೊಟ್ಟಿದ್ದರೆ ಆ ಕಾರು ನಿಲ್ಲುತ್ತಿರಲಿಲ್ಲ.

ನಮ್ಮ ವಾರ್ಡಿನ ಕೌನ್ಸಿಲರ್‌ಗೆ ಇವತ್ತು ರಾತ್ರಿ ಪತ್ರ ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಟ್ಯಾಕ್ಸಿ ಓಡಿಸುವ ಕನ್ನಡಿಗರು, ಅವರ ಮನೆಯವರು ಈ ಗುಂಪಿನಲ್ಲಿದ್ದರೆ ದಯವಿಟ್ಟು ಮೂರು ದಿನಾಂಕ ಕಳುಹಿಸಿ: ಅರ್ಜಿ ಕೊಟ್ಟದ್ದು, ಲೈಸೆನ್ಸ್ ಮುಗಿದದ್ದು, ತೀರ್ಮಾನ ಬಂದದ್ದು. ಹೆಸರು ಬೇಡ.