ಶೂನ್ಯ ವೆಚ್ಚದ ಡಯಾಲಿಸಿಸ್

ನಾಯಕರ ಹುಟ್ಟುಹಬ್ಬದಂದು ಒಳರೋಗಿಗಳಿಗೆ ಹಣ್ಣು, ಬ್ರೆಡ್ ಹಂಚದಿದ್ದರೆ ಆ ನಾಯಕರಿಗೆ ವಯಸ್ಸೇ ಆಗುವುದಿಲ್ಲವೆಂಬ ನಂಬಿಕೆ ದಾವಣಗೆರೆಯಲ್ಲಿ ಬಲವಾಗಿದೆ. ಹೀಗಾಗಿ ಅಭಿಮಾನಿಗಳ ದಂಡು ಡಯಾಲಿಸಿಸ್ ಘಟಕವನ್ನೂ ಬಿಡದೆ, ಹಾಸಿಗೆಗೆ ಎರಡರಂತೆ ಬಾಳೆಹಣ್ಣು ಕೊಟ್ಟು, ಫೋಟೊ ತೆಗೆಸಿಕೊಂಡು ಹೊರಡುತ್ತದೆ. ಕಿಡ್ನಿ ಕೆಟ್ಟವರ ರಕ್ತದಲ್ಲಿ ಪೊಟ್ಯಾಸಿಯಂ ಉಳಿದುಕೊಂಡು ಹೃದಯದ ಬಡಿತವನ್ನೇ ಏರುಪೇರು ಮಾಡಬಹುದಾದ್ದರಿಂದ ಬಾಳೆಹಣ್ಣು, ಎಳನೀರು ವರ್ಜ್ಯವೆಂದು ಗೋಡೆಯ ಫಲಕ ಹೇಳುತ್ತಿರುತ್ತದೆ. ಫೋಟೊದಲ್ಲಿ ಆ ಫಲಕವೂ ಸ್ಪಷ್ಟವಾಗಿ ಬಂದಿರುತ್ತದೆ.

ನಮ್ಮ ಸರ್ಕಾರಿ ಲೆಕ್ಕದ ಔದಾರ್ಯವೂ ಇದೇ ಜಾತಿಯದು. 2016ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಿಪಿಎಲ್ ಕುಟುಂಬಗಳಿಗೆ ಜಿಲ್ಲಾ ಮಟ್ಟದಲ್ಲಿ ಈ ಚಿಕಿತ್ಸೆ ಉಚಿತವಾಗಿ ಸಿಗುವಂತಾದದ್ದು ದೊಡ್ಡ ಉಪಕಾರವೇ ಸರಿ, ಅದನ್ನು ಅಲ್ಲಗಳೆದವನ ಬಾಯಿಗೆ ಹುಳ ಬೀಳಲಿ. ಆದರೆ ಉಚಿತವಾಗಿರುವುದು ಯಂತ್ರದ ಬದಿಯ 4 ಗಂಟೆ ಮಾತ್ರ. ಜಗಳೂರು ಕಡೆಯ ಹಳ್ಳಿಯ ರೈತನೊಬ್ಬ ವಾರಕ್ಕೆ 3 ಸಲ ಬಂದುಹೋಗಬೇಕಾದರೆ, ಜೊತೆಗೆ ಬರುವ ಹೆಂಡತಿಗೆ 2023ರಿಂದ ‘ಶಕ್ತಿ’ ಯೋಜನೆಯ ಶೂನ್ಯ ಟಿಕೆಟ್, ರೋಗಿಯಾದ ಗಂಡನಿಗೆ ಪೂರ್ತಿ ದರ. ಬಂದದ್ದು ಖಾಸಗಿ ಬಸ್ಸಾದರೆ ದಾಂಪತ್ಯದಲ್ಲಿ ಸಮಾನತೆ ಮರಳುತ್ತದೆ. ಆ ದಿನ ಆಕೆಯ ಕೂಲಿಯೂ ಹೋಗುತ್ತದೆ. ಆರೋಗ್ಯ ಅರ್ಥಶಾಸ್ತ್ರಜ್ಞರು ಇವನ್ನೆಲ್ಲ ವೈದ್ಯಕೀಯೇತರ ವೆಚ್ಚ, ಪರೋಕ್ಷ ವೆಚ್ಚ ಎಂದು ಕರೆದು ಚಿಕಿತ್ಸೆಯ ಬೆಲೆಗೇ ಸೇರಿಸುತ್ತಾರೆ. ನಮ್ಮ ಕಚೇರಿಗಳು ಅಷ್ಟು ಸಣ್ಣ ಮನಸ್ಸಿನವಲ್ಲವಾದ್ದರಿಂದ ಅವನ್ನು ರೋಗಿಯ ಸ್ವಂತ ಆಸ್ತಿಯೆಂದು ಅವನಿಗೇ ಬಿಟ್ಟಿವೆ. ಬಸ್ ಚಾರ್ಜಿಗೆ ದುಡ್ಡು ಹೊಂದದೆ ಒಂದು ಸರದಿ ತಪ್ಪಿದರೆ ಅದು ‘ಗೈರುಹಾಜರಿ’ ಎಂದು ದಾಖಲಾಗುತ್ತದೆ, ಮುಂದಿನ ಸಲ ಮೈಯಲ್ಲಿ ನೀರು ತುಂಬಿ ಏದುಸಿರು ಬಿಡುತ್ತ ಬಂದಾಗ ಪಥ್ಯ ಮಾಡಿಲ್ಲವೆಂಬ ಬೈಗುಳವೂ ಉಚಿತವಾಗಿಯೇ ದೊರೆಯುತ್ತದೆ.

ಡಯಾಲಿಸಿಸ್ ಕುರಿತ ಸಂಶೋಧನೆಗಳು ಏನನ್ನು ತಪ್ಪದೆ ಅಳೆಯಬೇಕೆಂದು ‘ಸಾಂಗ್’ ಎಂಬ ಅಂತರರಾಷ್ಟ್ರೀಯ ಬಳಗವು ರೋಗಿಗಳನ್ನೂ ಆರೈಕೆ ಮಾಡುವವರನ್ನೂ ವೈದ್ಯರನ್ನೂ ಕೂಡಿಯೇ ಕೇಳಿದಾಗ, ಸಾವು, ಹೃದ್ರೋಗ, ಯಂತ್ರಕ್ಕೆ ರಕ್ತ ಹರಿಸಲು ಕೈಯಲ್ಲಿ ಮಾಡುವ ಫಿಸ್ಟುಲಾದಂಥ ರಕ್ತನಾಳದ ವ್ಯವಸ್ಥೆಗಳ ಸಾಲಿನಲ್ಲೇ ಸುಸ್ತಿಗೂ ಜಾಗ ಸಿಕ್ಕಿತು. ಯಂತ್ರದಿಂದ ಎದ್ದವನು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಹೆಂಡತಿಯ ಚೀಲಕ್ಕೆ ತಲೆಯಿಟ್ಟು ಮಲಗಿಬಿಡುತ್ತಾನಲ್ಲ, ಆ ಸುಸ್ತು. ಇಲ್ಲಿನ ವಹಿಯಲ್ಲಿ ಬಂದ ವೇಳೆ, ತೂಕ, ರಕ್ತದೊತ್ತಡ, ಸಹಿ ಎಲ್ಲದಕ್ಕೂ ಕಾಲಂ ಇದೆ, ಸುಸ್ತಿಗೆ ಇಲ್ಲ. ಕೈ ನಡುಗಿ ಸಹಿ ಹೊಂದದಿದ್ದರೆ ಹೆಬ್ಬೆಟ್ಟು ಒತ್ತಿಸಿಕೊಂಡು, ಸೇವೆ ಯಶಸ್ವಿಯಾಗಿ ಸಂದಿದೆಯೆಂದು ಬರೆದುಕೊಳ್ಳಲಾಗುತ್ತದೆ.